ಮಾಸ್ಟರ್ ಕೊಟ್ಟ ಸುಳ್ಳು ಅಳತೆ

ಹೊಲಿಗೆ ಅಂಗಡಿಯ ಮುಂಗೋಣೆಗೂ ಒಳಕೋಣೆಗೂ ನಡುವೆ ಒಂದು ಬಾಗಿಲು. ಮುಂದೆ ಗಿರಾಕಿಗಳ ಅಳತೆ ತೆಗೆಯುವುದು, ಒಳಗೆ ಉದ್ದನೆಯ ಮೇಜಿನ ಮೇಲೆ ಬಟ್ಟೆ ಕತ್ತರಿಸುವುದು. ಮೂವತ್ತೈದು ವರ್ಷ ದಿನಕ್ಕೆ ಐವತ್ತು ಸಲ ಆ ಬಾಗಿಲು ದಾಟಿದ ಮಾಸ್ಟರ್, ಈಗ ಅದರೆದುರು ಬಂದರೆ ಸಾಕು, ಪಾದಕ್ಕೆ ಅಂಟು ಹಚ್ಚಿದ ಹಾಗೆ ನಿಂತುಬಿಡುತ್ತಿದ್ದರು. ಪಾರ್ಕಿನ್ಸನ್ ಕಾಯಿಲೆ. "ಕಾಲಲ್ಲಿ ಶಕ್ತಿ ಇದೆ. ನಡೆ ಅಂತ ಮಿದುಳು ಕಳಿಸೋ ಅಪ್ಪಣೆ ದಾರೀಲಿ ತಡೆಯುತ್ತೆ, ಅಷ್ಟೇ," ಎಂದಿದ್ದರು ಡಾಕ್ಟರು. ಆ 'ಅಷ್ಟೇ' ಕೇಳಿ ಮಾಸ್ಟರಿಗೆ ಮೈಯೆಲ್ಲ ಉರಿದಿತ್ತು.

ಕಳೆದ ವಾರ ಅದೇ ಬಾಗಿಲಲ್ಲಿ ಮೈ ಮುಂದೆ ಹೋಗಿ, ಕಾಲು ಹಿಂದೆ ಉಳಿದು ಮಕಾಡೆ ಬಿದ್ದರು. ಹುಬ್ಬಿನ ಮೇಲೆ ಮೂರು ಹೊಲಿಗೆ. "ಎಷ್ಟು ದೂರ ದೂರ ಹಾಕಿದಾರೆ ನೋಡು," ಎಂದು ಕನ್ನಡಿಯಲ್ಲಿ ನೋಡಿಕೊಂಡು ಗೊಣಗಿದರು. ಹೆಂಡತಿ ನಗಲಿಲ್ಲ, ಗಡುವು ಕೊಟ್ಟರು.

"ಶನಿವಾರದವರೆಗೆ ಕಾಯ್ತೀನಿ. ಯಾರ ಕೈಯೂ ಹಿಡೀದೆ ಈ ಬಾಗಿಲು ದಾಟಿ ತೋರಿಸಿ. ಇಲ್ಲಾಂದ್ರೆ ಸೋಮವಾರದಿಂದ ಕತ್ತರಿ ಬೇರೆಯವರ ಕೈಗೆ. ನೀವು ಮನೇಲಿರಿ."

"ಮನೇಲಿದ್ದು ಏನ್ ಮಾಡ್ಲಿ?"

"ನನ್ ತಲೆ ತಿನ್ನಿ. ಅದನ್ನ ಕುರ್ಚೀಲಿ ಕೂತೇ ಮಾಡ್ಬಹುದು."

ಮಂಗಳವಾರ ಒಂದು ಸಂಗತಿ ನಡೆಯಿತು. ಅಂಗಡಿಯಲ್ಲಿ ಕಾಜಾ ತೆಗೆದು ಗುಂಡಿ ಹಚ್ಚುವ ಹೆಂಗಸೊಬ್ಬಳಿದ್ದಳು. ಎಲ್ಲರ ಬಾಯಲ್ಲೂ ಕಾಜಾ ಅಕ್ಕ. ಅವಳು ಮಡಿಸಲೆಂದು ಅಗಲ ಪಟ್ಟೆಯ ಪರದೆ ಬಟ್ಟೆಯನ್ನು ನೆಲದ ಮೇಲೆ ಹರಡಿದ್ದಳು. ಮಾಸ್ಟರ್ ಏನೋ ಯೋಚನೆಯಲ್ಲಿ ಅದರ ಮೇಲೆಯೇ ನಡೆದು, ಬಾಗಿಲನ್ನೂ ದಾಟಿಬಿಟ್ಟರು.

"ಮಾಸ್ಟ್ರೇ, ಬಟ್ಟೆ ತುಳಿದ್ರಿ."

ಬಟ್ಟೆ ತುಳಿದವರ ಚರ್ಮ ಸುಲಿಯುತ್ತಿದ್ದ ಮನುಷ್ಯ ತಿರುಗಿ ನೆಲದ ಮೇಲಿನ ಪಟ್ಟೆಗಳನ್ನು ನೋಡಿದರು. "ಪಟ್ಟೆ ದಾಟ್ತಾ ಬಂದೆ ಕಣಮ್ಮ. ಒಂದೊಂದೇ."

"ಹಾಗಿದ್ರೆ ನೆಲಕ್ಕೇ ಪಟ್ಟೆ ಹಾಕಿದ್ರಾಯ್ತು. ಒಂದು ಹೆಜ್ಜೆ ಇಡಿ, ಅಳತೆ ತಗೋತೀನಿ."

ಮಾಸ್ಟರ್ ಗೋಡೆ ಹಿಡಿದು, ಎದೆ ಸೆಟೆದು ಒಂದು ಹೆಜ್ಜೆ ಇಟ್ಟರು. ಟೇಪು ಇಪ್ಪತ್ತೆರಡು ಇಂಚು ಎಂದಿತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅವಳು ಮುಂಗೋಣೆಯಿಂದ ಬಾಗಿಲು ದಾಟಿ ಒಳಗಿನ ಮೇಜಿನವರೆಗೆ, ಅಷ್ಟಷ್ಟು ದೂರಕ್ಕೊಂದರಂತೆ ಏಳು ಗೆರೆ ಎಳೆದಳು.

ಬುಧವಾರ ಮೂರನೆಯ ಗೆರೆಯಲ್ಲಿ ಕಾಲು ಸಿಕ್ಕಿಕೊಂಡಿತು. ಗುರುವಾರವೂ ಅಲ್ಲೇ. ಮುಗ್ಗರಿಸಿದವರನ್ನು ಕಾಜಾ ಅಕ್ಕ ಕಾಲರ್ ಹಿಡಿದು ಎಳೆದಳು.

"ಮೆಲ್ಲಗೆ. ಆ ಕಾಲರ್ ನಾನೇ ಹೊಲಿದಿದ್ದು."

"ಗೊತ್ತು. ಅದಕ್ಕೇ ಇನ್ನೂ ಕಿತ್ತು ಕೈಗೆ ಬಂದಿಲ್ಲ."

ಶುಕ್ರವಾರ ದಪ್ಪನೆಯ ಗಿರಾಕಿಯೊಬ್ಬರು ಪ್ಯಾಂಟಿನ ಅಳತೆಗೆ ಬಂದರು. ಟೇಪು ಕಂಡದ್ದೇ ಹೊಟ್ಟೆ ಒಳಕ್ಕೆ ಹೋಯಿತು. ಇದು ಹೊಸತೇನಲ್ಲ, ಮಾಸ್ಟರ್ ಬಳಿ ಮದ್ದಿತ್ತು. "ಊಟ ಆಯ್ತಾ? ಏನೇನಿತ್ತು?" ಎಂದರು. ಗಿರಾಕಿ ಒಂದೊಂದಾಗಿ ಹೇಳುತ್ತ ಹೋದ ಹಾಗೆ ಹೊಟ್ಟೆ ತನ್ನ ಜಾಗಕ್ಕೆ ಮರಳಿತು. ಆಗ ಮಾಸ್ಟರ್ ಟೇಪು ಸುತ್ತಿದರು. ಎಳೆದುಕೊಂಡ ಹೊಟ್ಟೆಗಿಂತ ನಾಲ್ಕು ಇಂಚು ಹೆಚ್ಚು.

ಗಿರಾಕಿ ಹೋದ ಮೇಲೆ ಕಾಜಾ ಅಕ್ಕ ಸೂಜಿ ಕೆಳಗಿಟ್ಟಳು. "ಬೇಜಾರು ಮಾಡ್ಕೋಬೇಡಿ ಮಾಸ್ಟ್ರೇ. ಮಂಗಳವಾರ ನೀವು ಕೊಟ್ಟ ಹೆಜ್ಜೆ ಈಗಿಂದಾ, ಹಳೇದಾ?"

ಮಾಸ್ಟರ್ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು.

"ಹಳೇದು," ಎಂದರು ಕೊನೆಗೆ. "ನಾನೂ ಹೊಟ್ಟೆ ಒಳಗೆ ಎಳ್ಕೊಂಡೇ ಕೊಟ್ಟೆ."

"ಏಳಿ ಹಾಗಾದ್ರೆ. ಊಟಕ್ಕೆ ಏನೇನಿತ್ತು, ಹೇಳಿ."

ಮಾಸ್ಟರಿಗೆ ನಗು ಬಂತು. ನಗುತ್ತಲೇ ಹೆಜ್ಜೆ ಇಟ್ಟರು. ಹದಿನಾಲ್ಕು ಇಂಚು. ಬಗ್ಗಿ ಟೇಪನ್ನು ತಾವೇ ನೋಡಿದರು.

"ಇಷ್ಟೇನಾ?"

"ಇಷ್ಟೇ. ಇದ್ದಷ್ಟಕ್ಕೆ ಹೊಲಿದ್ರೆ ತಾನೇ ಮೈಗೆ ಕೂರೋದು?"

ಹಳೆಯ ಗೆರೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದು ಮಾಸ್ಟರೇ. ಹೊಸವು ಹನ್ನೊಂದಾದವು. ಸಂಜೆಯವರೆಗೂ ಅವರು ಗೆರೆ ಬಿಟ್ಟು ಕದಲಲಿಲ್ಲ. ಸಿಕ್ಕಿಕೊಂಡಾಗಲೆಲ್ಲ ಹಿಂದಿರುಗಿ ಒಂದರಿಂದ ಶುರು.

ಶನಿವಾರ ಬೆಳಿಗ್ಗೆ ಹೆಂಡತಿ ಒಳಕೋಣೆಯ ಸ್ಟೂಲಿನ ಮೇಲೆ ಕೈಕಟ್ಟಿ ಕೂತರು. ಮಾಸ್ಟರ್ ಆಚೆ ಕಡೆಯಿಂದ ಹೊರಟರು. ಒಂದು, ಎರಡು. ಏಳರವರೆಗೆ ಸರಾಗ. ಎಂಟನೆಯ ಗೆರೆ ಸರಿಯಾಗಿ ಬಾಗಿಲಲ್ಲಿತ್ತು. ಅಲ್ಲಿ ಪಾದ ನಿಂತಿತು. ಹೆಂಡತಿ ಅರ್ಧ ಎದ್ದರು. ಕಾಜಾ ಅಕ್ಕ ಅವರ ಕೈ ಹಿಡಿದು ಕೂರಿಸಿದಳು.

ಮಾಸ್ಟರ್ ಯಾರನ್ನೂ ನೋಡಲಿಲ್ಲ, ಬಾಗಿಲನ್ನೂ ನೋಡಲಿಲ್ಲ. ಗೆರೆಯನ್ನಷ್ಟೇ ನೋಡಿದರು. "ಎಂಟು," ಎಂದರು, ಕಾಲಿಗೆ ಕೇಳುವಷ್ಟು ಜೋರಾಗಿ. ಪಾದ ಎದ್ದಿತು. ಒಂಬತ್ತು, ಹತ್ತು, ಹನ್ನೊಂದು. ಮೇಜು ಕೈಗೆ ಸಿಕ್ಕಿತು. ಕತ್ತರಿ ಹಿಡಿದರು. ಕಾಯಿಲೆಯಿಂದ ಸುಮ್ಮನಿದ್ದಾಗ ನಡುಗುವ ಕೈ ಕೆಲಸ ಸಿಕ್ಕಿದ್ದೇ ಸ್ಥಿರವಾಯಿತು.

"ಈ ಹೆಜ್ಜೇಲಿ ಮೇಜು ಮುಟ್ಟೋದ್ರೊಳಗೆ ಮಧ್ಯಾಹ್ನ ಆಗುತ್ತೆ," ಎಂದರು ಹೆಂಡತಿ.

"ಆಗ್ಲಿ ಬಿಡೇ. ಮಧ್ಯಾಹ್ನಾನೂ ಅಂಗಡಿ ತೆಗೆದಿರುತ್ತೆ."

ಆಕೆ ನೆಲದ ಗೆರೆಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ಕಾಜಾ ಅಕ್ಕನ ಕೈಯಿಂದ, ಸವೆದು ಚೂಪಾಗಿದ್ದ ಆ ಸೀಮೆಸುಣ್ಣದ ತುಂಡನ್ನು ಇಸಿದುಕೊಂಡರು.

"ಮನೇಲಿ ಬಚ್ಚಲ ಬಾಗಿಲಿಗೂ ಹದಿನಾಲ್ಕು ಇಂಚೇ ಸಾಕಾ?"