ಹಳೇ ಗೂಡಿಗೆ ಬಿಟ್ಟ ಲಾವಕ್ಕಿ

ಲಾವಕ್ಕಿಯಂಥ ಸಾಧುಪ್ರಾಣಿ ಇನ್ನೊಂದಿಲ್ಲ ಅನ್ನುವವರು ಒಂದು ದಿನ ತಮಾಯೆಯ ಶೆಡ್ಡಿಗೆ ಬಂದು ನೋಡಬೇಕು. ಮುಷ್ಟಿಯಷ್ಟೂ ಇಲ್ಲದ ಜೀವ, ಪಕ್ಕದ ಹಕ್ಕಿಯ ನೆತ್ತಿಯನ್ನು ಬುರುಡೆ ಕಾಣುವ ತನಕ ಕುಕ್ಕುತ್ತದೆ. ರಕ್ತ ಕಂಡರಂತೂ ಉಳಿದವಕ್ಕೂ ಹುಚ್ಚು ಹಿಡಿಯುತ್ತದೆ. ಅದಕ್ಕೇ ಜಪಾನಿನ ತೊಯೊಹಾಶಿಯ ಕೋಸಿನ ಹೊಲಗಳ ನಡುವಿನ ಆ ಶೆಡ್ಡಿನಲ್ಲಿ ಅಪ್ಪನ ಕಾಲದಿಂದಲೂ ಕೆಂಪು ಬಲ್ಬು. ಎಲ್ಲವೂ ಕೆಂಪಾದರೆ ರಕ್ತ ಎದ್ದು ಕಾಣುವುದಿಲ್ಲ.

ಅಪ್ಪನದು ಇನ್ನೊಂದು ಕಟ್ಟಳೆಯೂ ಇತ್ತು. ಮದ್ದು ಮಾಡಲು ಹೊರಗಿಟ್ಟ ಹಕ್ಕಿಯನ್ನು ಹಳೇ ಗೂಡಿಗೆ ಒಂಟಿಯಾಗಿ ಬಿಡಬಾರದು. ಎಂಟು ದಿನ ಕಣ್ಮರೆಯಾದದ್ದು ಉಳಿದವಕ್ಕೆ ಹೊರಗಿನದೇ. ಎಲ್ಲವನ್ನೂ ಎತ್ತಿ, ಯಾವುದೂ ಕಾಲಿಡದ ಹೊಸ ಗೂಡಿನಲ್ಲಿ, ಕತ್ತಲು ಮಾಡಿ, ಒಟ್ಟಿಗೇ ಬಿಡಬೇಕು.

ಆ ಮನೆಯಲ್ಲಿ ಇದ್ದವರು ಅಕ್ಕತಂಗಿಯರಿಬ್ಬರೇ, ಇಬ್ಬರಿಗೂ ಅರವತ್ತು ದಾಟಿತ್ತು. ತಂಗಿ ಹಿಸಾನೊ ತಲೆಯ ಆಪರೇಷನ್ ಮಾಡಿಸಿಕೊಂಡು ನಲವತ್ತು ದಿನದ ಮೇಲೆ ಆಸ್ಪತ್ರೆಯಿಂದ ಬಂದಳು. ಬಂದವಳು ಊಟದ ಕಡ್ಡಿಯನ್ನು ಎಡಗೈಯಲ್ಲಿ ಹಿಡಿದಳು. ಹುಟ್ಟಿದಾಗಿನಿಂದ ಕುಡಿದ ಮಿಸೊ ಸಾರಿಗೆ ಮೂಗು ಮುರಿದಳು. ಸ್ನಾನದ ಮನೆಯಲ್ಲಿ ತಮಾಯೆ ಎಂದೂ ಕೇಳದ ಹಾಡನ್ನು ಗುನುಗಿದಳು. ಅವಳು ಶೆಡ್ಡಿಗೆ ಕಾಲಿಟ್ಟರೆ ಮುನ್ನೂರು ಹಕ್ಕಿಗಳೂ ಒಮ್ಮೆಗೇ ದನಿ ನಿಲ್ಲಿಸುತ್ತಿದ್ದವು.

ಬಂದಿರುವವಳು ನನ್ನ ತಂಗಿಯೇನಾ ಎಂದು ತಮಾಯೆಗೆ ಭಯವಾಯಿತು. ಒಡಹುಟ್ಟಿದವಳಿಗೇ ಹೆದರುತ್ತೀಯಲ್ಲೇ ಪಾಪಿ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡೇ ವೃದ್ಧಾಶ್ರಮವೊಂದಕ್ಕೆ ಗುಟ್ಟಾಗಿ ಫೋನೂ ಮಾಡಿದಳು. ಒಂದು ಹಾಸಿಗೆ ಖಾಲಿಯಿದೆ, ಶುಕ್ರವಾರದೊಳಗೆ ಯಾರ ಹೆಸರು ಬರೆಯಬೇಕೆಂದು ತಿಳಿಸಿ ಎಂದರು ಅಲ್ಲಿಯವರು. ತಂಗಿಯನ್ನು ಇಟ್ಟುಕೊಳ್ಳುವುದೋ ಸಾಗಹಾಕುವುದೋ, ನಾಲ್ಕು ದಿನದಲ್ಲಿ ತೀರ್ಮಾನವಾಗಬೇಕಿತ್ತು.

ಈ ಗೊಂದಲದಲ್ಲಿ ಬುಧವಾರ ಒಂದು ಎಡವಟ್ಟಾಯಿತು. ನೆತ್ತಿಯ ಗಾಯ ಮಾಗಿದ ಹಕ್ಕಿಯೊಂದನ್ನು ತಮಾಯೆ ಪೆಟ್ಟಿಗೆಯಿಂದ ತೆಗೆದು, ಹಾಡಹಗಲೇ, ಒಂಟಿಯಾಗಿ, ಹಳೇ ಗೂಡಿಗೇ ಬಿಟ್ಟಳು. ನಲವತ್ತು ವರ್ಷ ಹಕ್ಕಿ ಸಾಕಿದವಳು!

ಆ ಗೂಡಿನ ಇಪ್ಪತ್ತು ಹಕ್ಕಿಗಳೂ ಅದರ ಸುತ್ತ ಬಂದು ನಿಂತವು. ಕಿಚ್ ಅನ್ನಲಿಲ್ಲ. ಆಮೇಲೆ ಒಂದು ಮುಂದೆ ಬಂದು, ಮಾಗಿದ ಜಾಗವನ್ನೇ ಹುಡುಕಿ, ಆತುರವಿಲ್ಲದೆ ಕುಕ್ಕಿತು. ಮತ್ತೆ ಎಲ್ಲವೂ ಅದರ ಮೇಲೆ ಬಿದ್ದವು. ತಮಾಯೆಯ ಕೈ ಮೇಲೇಳಲೇ ಇಲ್ಲ. ಹಿಂದಿನಿಂದ ಹಿಸಾನೊ ಬಂದು ಎಡಗೈ ಹಾಕಿ ಹಕ್ಕಿಯನ್ನು ಎತ್ತಿಕೊಂಡಳು. ಜೀವವಿತ್ತು.

"ಎಷ್ಟೊತ್ತಿಂದ ನೋಡ್ತಾ ನಿಂತಿದ್ದೆ ಅಕ್ಕಾ?" ಎಂದಳು.

ತಮಾಯೆಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಗಾಯಕ್ಕೆ ಮುಲಾಮು ಹಚ್ಚುತ್ತಾ ಹಿಸಾನೊ ತಾನೇ ಮಾತು ತೆಗೆದಳು. ನಿನಗೆ ನನ್ನ ಗುರುತು ಹತ್ತುತ್ತಿಲ್ಲ, ನನಗೆ ಗೊತ್ತಾಗಿದೆ, ಅಪ್ಪನ ಕಟ್ಟಳೆಯನ್ನು ನಮ್ಮ ಮೇಲೂ ಒಮ್ಮೆ ಮಾಡಿ ನೋಡೋಣ ಎಂದಳು. ತಮಾಯೆ ಒಪ್ಪಿದಳು. ಇಬ್ಬರೂ ಎಂದೂ ಮಲಗಿರದ ಸಾಮಾನಿನ ಕೋಣೆಯನ್ನು ಖಾಲಿ ಮಾಡಿ, ಚಾಪೆ ಒರೆಸಿ, ಮಧ್ಯಾಹ್ನ ಮೂರಕ್ಕೇ ಮರದ ಬಾಗಿಲುಗಳನ್ನು ಎಳೆದು, ಪಕ್ಕಪಕ್ಕದಲ್ಲಿ ಮಲಗಿದರು.

ಕತ್ತಲಲ್ಲಿ ಮುಖ ಕಾಣದೆ ಉಸಿರಷ್ಟೇ ಕೇಳಿದಾಗ ತಂಗಿಯೇ ಅನ್ನಿಸಿತು. ಮೂಗಿನಲ್ಲಿ ಸಣ್ಣ ಸಿಳ್ಳೆಯಿರುವ ಆ ಉಸಿರು ಇನ್ನ್ಯಾರದು? ತಮಾಯೆಗೆ ಅಳು ಬಂತು. ಕೈ ಚಾಚಿ ಅವಳ ತಲೆ ಸವರಿದಳು. ಆಗಷ್ಟೇ ಹುಟ್ಟಿದ ಕೂದಲು ಮೆತ್ತಗಿತ್ತು. ಮನಸ್ಸು ಹಗುರಾಗಿ ಹಾಗೇ ಜೊಂಪು ಹತ್ತಿತು.

"ಅಕ್ಕಾ," ಎಂದಳು ಹಿಸಾನೊ, ಬಹಳ ಮೆಲ್ಲಗೆ. "ಉಗುರು ಆಚೆ ತೆಗಿ."

ತಮಾಯೆ ಎದ್ದು ಬಾಗಿಲು ಸರಿಸಿದಳು. ಬೆಳಕಿನಲ್ಲಿ ನೋಡಿದರೆ ತನ್ನ ತೋರುಬೆರಳ ಉಗುರಿನಡಿ ರಕ್ತ. ಹಿಸಾನೊಳ ಹೊಲಿಗೆ ಮಾಗಿದ್ದ ಜಾಗ ಬಿಚ್ಚಿಕೊಂಡಿತ್ತು. ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು, ಹೊತ್ತಾಯಿತೆಂದು ಹಕ್ಕಿಗಳಿಗೆ ಕಾಳು ಹಾಕಲು ಹೋದಳು.

ಅವಳು ಒಳಗೆ ಹೋದದ್ದೇ ಶೆಡ್ಡು ತುಂಬ ಹಕ್ಕಿಗಳ ಗಲಗಲ ಎದ್ದಿತು. ತಮಾಯೆ ಓಡಿಹೋಗಿ ಹೊಸ್ತಿಲ ಮೇಲೆ ಕಾಲಿಟ್ಟಳು. ಮುನ್ನೂರೂ ತೆಪ್ಪಗಾದವು. ಕೆಂಪು ಬೆಳಕಿನಲ್ಲಿ ಕತ್ತು ಹೊರಳಿಸಿ ಅವಳನ್ನೇ ನೋಡಿದವು.

ತಮಾಯೆ ಹಿಂದೆ ಸರಿದು ಮನೆಯೊಳಗೆ ಬಂದಳು. ಗಾಯವಾದದ್ದನ್ನು ಎಷ್ಟು ಸಲ ಹೊರಗಿಟ್ಟರೂ ಕುಕ್ಕುವುದಕ್ಕೆ ಇನ್ನೊಂದು ನೆತ್ತಿ ಸಿಕ್ಕೇ ಸಿಗುತ್ತದೆ. ತೆಗೆಯಬೇಕಾದದ್ದು ಕುಕ್ಕುವ ಹಕ್ಕಿಯನ್ನು. ಹಕ್ಕಿ ಸಾಕುವ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಉಗುರು ತೊಳೆದುಕೊಂಡು ಆಶ್ರಮಕ್ಕೆ ಫೋನ್ ಮಾಡಿದಳು.

"ಆ ಹಾಸಿಗೆ ಬೇಕು," ಎಂದಳು. "ತಂಗಿಗಲ್ಲ. ನನ್ನ ಹೆಸರು ಬರ್ಕೊಳ್ಳಿ. ಒಬ್ಬಳೇ ಇರೋ ಕೋಣೆ ಕೊಡಿ."