ಕೈ ಬಿಟ್ಟರೆ ನಿಲ್ಲುವ ಬೋರ್ಡು

ಗಂಗಾವತಿಯ ಜುಬೇದಾಬೀಗೆ ಡ್ರೋನಿನ ಹುಚ್ಚು ಹಿಡಿದದ್ದು ನಲವತ್ತಾರರ ವಯಸ್ಸಿನಲ್ಲಿ. ಅವಳ ಹತ್ತಿರ ಹೊಲಿಗೆ ಕಲಿಯುವ ಹುಡುಗಿಯರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು, ಓಣಿಯವರು ಅಷ್ಟೂ ಮಾಡದೆ ನಕ್ಕರು. ನಗಲಿ ಬಿಡಿ. ಚಿಕ್ಕಂದಿನಲ್ಲಿ ತಮ್ಮಂದಿರು ಮಾಳಿಗೆಯ ಮೇಲೆ ಗಾಳಿಪಟ ಹಾರಿಸುವಾಗ ಅವಳ ಪಾಲಿಗೆ ಬಂದದ್ದು ದಾರದ ಉಂಡೆ ಹಿಡಿದು ನಿಲ್ಲುವ ಕೆಲಸ. "ಒಂದ ಸಲ ನನಗ ಕೊಡ್ರೋ" ಎಂದು ಎಷ್ಟು ಗೋಗರೆದರೂ ಯಾರೂ ಕೊಟ್ಟಿರಲಿಲ್ಲ. ಆ ಸಂಕಟ ಇನ್ನೂ ಹಾಗೇ ಇತ್ತು.

ತಮ್ಮನ ಮಗ ಜಾಕೀರ ಮದುವೆಗಳ ಫೋಟೋ ತೆಗೆಯುವವನು, ರೇಸಿನ ಡ್ರೋನು ಕಟ್ಟುವುದರಲ್ಲಿ ಪಳಗಿದವನು. ತನ್ನಲ್ಲಿ ಮಿಕ್ಕಿದ್ದ ಚೌಕಟ್ಟು, ಮೋಟಾರು ಕೊಟ್ಟ. ಡ್ರೋನಿಗೆ ಮಿದುಳಿನ ಹಾಗಿರುವ ಫ್ಲೈಟ್ ಕಂಟ್ರೋಲರ್ ಬೋರ್ಡನ್ನೂ ಅವನೇ ಆರಿಸಿದ.

"ಇದರಷ್ಟು ಚುರುಕಿನ ಬೋರ್ಡ ಬ್ಯಾರೆ ಇಲ್ಲ ಫುಪ್ಪು" ಅಂದ ಸೋದರತ್ತೆಗೆ.

ಸಿದ್ದಾಪುರದ ಹತ್ತಿರ ಭತ್ತ ಕೊಯ್ದು ಖಾಲಿಯಾಗಿದ್ದ ಗದ್ದೆಯೊಂದರಲ್ಲಿ ಡ್ರೋನು ಮೇಲೇನೋ ಎದ್ದಿತು. ಸ್ವಲ್ಪ ಪಕ್ಕಕ್ಕೆ ವಾಲಿದ್ದೇ ತಡ, ಜುಬೇದಾಬೀ ಹೌಹಾರಿ ರಿಮೋಟಿನ ಕಡ್ಡಿಗಳಿಂದ ಎರಡೂ ಕೈ ತೆಗೆದಳು. ಡ್ರೋನು ವಾಲಿದ ಮಗ್ಗುಲಿಗೇ ಜಾರುತ್ತ ಹೋಗಿ ಕಾಲುವೆ ಪಕ್ಕದ ಕೆಸರಿನಲ್ಲಿ ಬಿತ್ತು. ರೆಕ್ಕೆಗಳು ಮುರಿದವು, ಬೋರ್ಡು, ಮೋಟಾರು ಉಳಿದವು.

"ಕೈ ಯಾಕ ತಗದಿ?" ಜಾಕೀರ ತಲೆ ಚಚ್ಚಿಕೊಂಡ.

ತೆಗೆಯದೆ ಏನು ಮಾಡಿಯಾಳು? ಮದುವೆಯಾದಾಗಿನಿಂದ ಮೋಟಾರಿನ ಹೊಲಿಗೆ ಯಂತ್ರದ ಮುಂದೆ ಕೂತವಳು. ಬಟ್ಟೆ ಸಿಕ್ಕಿಕೊಂಡಿತೋ, ಸೂಜಿ ಬೆರಳಿನ ಹತ್ತಿರ ಬಂತೋ, ಮೊದಲು ಕಾಲು ಎತ್ತುತ್ತಾಳೆ, ಯಂತ್ರ ನಿಲ್ಲುತ್ತದೆ. ಹೊಸ ಹುಡುಗಿಯರಿಗೆ ಅವಳ ಮೊದಲ ಪಾಠವೂ ಅದೇ: ಅಂಜಿಕೆಯಾದರೆ ಬಿಟ್ಟುಬಿಡು. ಆ ರೇಸಿನ ಬೋರ್ಡಿಗೆ ಈ ಪಾಠ ಗೊತ್ತಿರಲಿಲ್ಲ.

"ಇದು ನಿನ್ನ ಕೈಲೆ ಆಗೂದಲ್ಲ. ನನಗ ವಾಪಸ್ ಕೊಟ್ಟಬಿಡು."

"ಇನ್ನೊಂದ ಸಲ ನೋಡ್ತೀನಿ. ಈ ಸಲ ಬೋರ್ಡ ನಾ ಆರಸ್ತೀನಿ. ಮತ್ತ ಬಿತ್ತಂದ್ರ ಎಲ್ಲಾ ನಿನ್ನವು. ಡ್ರೋನಿನ ಹೆಸರೂ ಎತ್ತಂಗಿಲ್ಲ."

 ಆಡಿದ ಮಾತಿನಿಂದ ಹಿಂದೆ ಸರಿಯಲಿಲ್ಲ. ಬೋರ್ಡು ಮಾರುವವರಿಗೆ ಒಬ್ಬೊಬ್ಬರಿಗೇ ಫೋನು ಹಚ್ಚಿದಳು. ಅವರು ವೇಗ, ಚಿಪ್ ಅಂತ ಏನೇನೋ ಒದರುತ್ತಿದ್ದರು. ಇವಳದು ಒಂದೇ ಪ್ರಶ್ನೆ: "ಕೈ ಬಿಟ್ರ ಏನ ಮಾಡತೈತ್ರಿ?"

"ಕೈ ಯಾಕ ಬಿಡ್ತೀರಿ?" ಎಂದು ಒಬ್ಬ ನಕ್ಕ. ಇನ್ನೊಬ್ಬ, "ನೆಟ್ಟಗಾಗತೈತ್ರಿ, ಆದ್ರ ಗಾಳಿ ಬಂದ್ರ ಗಾಳಿ ಕೂಡನ ಹೋಕ್ಕೈತಿ" ಅಂದ. ಕೊನೆಗೊಬ್ಬ ಸಾವಧಾನದಿಂದ ಹೇಳಿದ: "ಜಿಪಿಎಸ್ ಹಾಕೋ ಬೋರ್ಡ ತಗೋರಿ ಅಕ್ಕಾರ. ಎಡಗಡೆ ಕಡ್ಡಿ ನಡುವ ತಂದು ಕೈ ಬಿಟ್ರ ಇದ್ದಲ್ಲೇ ನಿಂದರತೈತಿ. ಜೋರು ಭಾಳ ಇಲ್ರಿ ಮತ್ತ."

"ಜೋರು ಯಾರಿಗೆ ಬೇಕಾಗೈತ್ರಿ? ಕಳಸ್ರಿ."

ಬೋರ್ಡು ಬಂದಾಗ ಜಾಕೀರ ಅದನ್ನು ತಿರುಗಿಸಿ ನೋಡಿ ಮೂಗು ಮುರಿದ. "ಇದು ಕಲಿಯೋರ ಬೋರ್ಡ ಫುಪ್ಪು."

"ನಾ ಕಲಿಯೋಳೇ ಅದೀನಿ. ನನ್ನ ಕಡೆ ಬರೋ ಹುಡುಗ್ಯಾರಿಗೆ ಮೊದಲನೇ ದಿನಾನ ರೇಷ್ಮಿ ಕೊಡ್ತೀನೇನು? ಸೂಜಿಗೆ ದಾರ ಹಾಕದೇ, ಬರೇ ಕಾಗದದ ಮ್ಯಾಲೆ ಹೊಲಿಗಿ ಹಾಕಸ್ತೀನಿ."

ಹೊಸ ರೆಕ್ಕೆ ಕೂರಿಸಿ, ಕನ್ನಡಕ ಏರಿಸಿಕೊಂಡು ತಂತಿಗಳ ಬೆಸುಗೆಯನ್ನೂ ತಾನೇ ಹಾಕಿದಳು. ಜಾಕೀರ ಹೇಗೆ ಎಂದಷ್ಟೇ ತೋರಿಸಿದ, ಅವನಿಗೆ ಕೈ ಹಚ್ಚಲು ಅವಳು ಬಿಡಲಿಲ್ಲ.

ಮತ್ತೆ ಅದೇ ಗದ್ದೆ. ಗದ್ದೆಯ ಯಜಮಾನ ಹನಮೇಶ ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು, "ಈ ಸಲ ಕೆಸರಿನ ಕಡೆ ಬ್ಯಾಡ್ರಿ ಅಕ್ಕಾರ" ಎಂದು ಕೆಣಕಿದ. ಡ್ರೋನು ತೆಂಗಿನ ಮರದ ಎತ್ತರಕ್ಕೆ ಏರಿತು. ಅಷ್ಟರಲ್ಲಿ ಕಾಲುವೆ ಕಡೆಯಿಂದ ಗಾಳಿ ಬೀಸಿ, ಅದು ಹಿಂದಿನ ಸಲದ ಹಾಗೆಯೇ ವಾಲಿತು. 

"ಕೈ ಬಿಡಬ್ಯಾಡ!" ಜಾಕೀರ ಚೀರಿದ. "ಗಟ್ಟಿಯಾಗಿ ಹಿಡಿ!"

ಅವಳು ಎಡಗಡೆಯ ಕಡ್ಡಿಯನ್ನು ನಡುವೆ ತಂದಳು. ಎರಡೂ ಹೆಬ್ಬೆರಳು ಮೇಲೆತ್ತಿದಳು.

ಡ್ರೋನು ಒಮ್ಮೆ ತೂರಾಡಿತು. ನೆಟ್ಟಗಾಯಿತು. ಗಾಳಿ ಇನ್ನೂ ಬೀಸುತ್ತಲೇ ಇತ್ತು, ಅದು ಮಾತ್ರ ಗುಂಯ್‌ಗುಡುತ್ತ ಇದ್ದಲ್ಲೇ ನಿಂತಿತು. ಜುಬೇದಾಬೀಗೆ ಕಣ್ಣು ತುಂಬಿ ಬಂತು. ಅತ್ತರೆ ಡ್ರೋನು ಕಾಣುವುದಿಲ್ಲವೆಂದು ರೆಪ್ಪೆ ಬಡಿದು ಸಾವರಿಸಿಕೊಂಡಳು.

"ಆ ರೇಸ್ ಬೋರ್ಡನ್ನ ಜ್ವಾಪಾನ ಇಟ್ಟೀನಿ" ಅಂದಳು. "ಅದರ ಪಾಳಿನೂ ಬರತೈತಿ."

ಜಾಕೀರನಿಗೆ ತಡೆಯಲಾಗಲಿಲ್ಲ. ಹತ್ತಿರ ಬಂದು ರಿಮೋಟಿಗೆ ಕೈ ಚಾಚಿದ. "ಫುಪ್ಪು, ಒಂದ ಸಲ ನನಗ ಕೊಡು."

ಜುಬೇದಾಬೀ ಡ್ರೋನಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಹೆಗಲಿನ ಬ್ಯಾಟರಿ ಚೀಲವನ್ನು ಜಾರಿಸಿ ಅವನ ಕೈಗೆ ಕೊಟ್ಟಳು.

"ನೀ ಇದನ್ನ ಹಿಡಕೊಂಡ ನಿಂದ್ರು" ಅಂದಳು.