ಹತ್ತೊಂಬತ್ತನೆಯ ಸಾಲು, ನಲವತ್ಮೂರನೆಯ ಸಾಲು

ಬೊಮ್ಮಸಂದ್ರದಿಂದಾಚೆಗಿನ ಒಂದು ಸಣ್ಣ ಪುರಸಭೆಯಲ್ಲಿ ಸ್ಪೂರ್ತಿ ಗುಮಾಸ್ತೆಯಾಗಿ ಸೇರಿ ಆರು ತಿಂಗಳಾಗಿತ್ತು. ಆ ಸೋಮವಾರ ಮ್ಯಾನೇಜರ್ ಹನುಮಂತರಾಯಪ್ಪ ಅವಳ ಮೇಜಿನ ಮೇಲೆ ಮಾಹಿತಿ ಹಕ್ಕಿನ ಅರ್ಜಿಯೊಂದನ್ನು ಇಟ್ಟರು. ಕಾರ್ಮಿಕ ಸಂಘದ ಸಂಗಮೇಶ್ ಎನ್ನುವವರು ಅರವತ್ನಾಲ್ಕು ಪೌರಕಾರ್ಮಿಕರ ಪಟ್ಟಿಯ ನಕಲು ಕೇಳಿದ್ದರು.

"ಹೆಸರು, ವಾರ್ಡು ಕೊಡಮ್ಮ. ಆಧಾರ್, ಫೋನು, ಮನೆ ವಿಳಾಸ ಎಲ್ಲಾ ಕಪ್ಪು ಮಾಡ್ಬಿಡು. ಅವೆಲ್ಲ ಕಂಡೋರಿಗೆ ಹಂಚೋದಲ್ಲ."

ಸ್ಪೂರ್ತಿಗೂ ಅದು ಸರಿಯೆನಿಸಿತು. ಹಿಂದೊಮ್ಮೆ ಮುಚ್ಚದೆ ಕೊಟ್ಟ ಪಟ್ಟಿಯಿಂದಾಗಿ ಕಸ ಗುಡಿಸುವ ಹೆಂಗಸರಿಗೆ ಯಾರ್ಯಾರೋ ಹೊತ್ತುಗೊತ್ತಿಲ್ಲದೆ ಫೋನ್ ಮಾಡಿದ್ದರಂತೆ. ನಕಲಿನ ಮೇಲೆ ಸ್ಕೇಲಿಟ್ಟು ಮಾರ್ಕರ್ ಎಳೆಯುತ್ತಾ ಹೋದಳು. ನಲವತ್ಮೂರನೆಯ ಸಾಲಿಗೆ ಬಂದಾಗ ಕೈ ನಿಂತಿತು. 7707ಕ್ಕೆ ಮುಗಿಯುವ ಈ ಆಧಾರ್ ನಂಬರನ್ನು ಈಗಷ್ಟೇ ಮುಚ್ಚಿದ ನೆನಪು. ಮೂಲ ಪಟ್ಟಿ ತೆಗೆದು ನೋಡಿದಳು. ಹತ್ತೊಂಬತ್ತನೆಯ ಸಾಲಿನಲ್ಲಿ ಸಿದ್ದಕ್ಕ, ನಲವತ್ಮೂರರಲ್ಲಿ ಶ್ಯಾಮಲಾ. ಹನ್ನೆರಡಂಕಿಯೂ ಒಂದೇ.

ಟೈಪು ಮಾಡುವಾಗ ತಪ್ಪಿರಬೇಕು ಎಂದುಕೊಂಡು ಕೆಳಗಿಳಿದಳು. ರಾಯಚೂರು ಕಡೆಯ ಸಿದ್ದಕ್ಕ ಕಸದ ಆಟೋ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದಳು.

"ಸಿದ್ದಕ್ಕ, ಶ್ಯಾಮಲಾ ಅಂದ್ರೆ ಯಾರು?"

"ನಾನ ರೀ ಮೇಡಂ."

"ಮತ್ತೆ ಸಿದ್ದಕ್ಕ?"

"ಅದೂ ನಾನ."

ಸಿದ್ದಕ್ಕನೇ ಬಿಡಿಸಿ ಹೇಳಿದಳು. "ಶಾಮಲಾ ಬಾಣಂತನಕ್ಕಂತ ಊರಿಗೆ ಹೋದಾಕಿ ತಿರುಗಿ ಬರ್ಲಿಲ್ರಿ. ಆಕಿ ಓಣಿ ಕಸಾನೂ ನೀನ ಹೊಡಿ ಅಂದ್ರು ಮೇಸ್ತ್ರಿ. ಮುಂಜಾನಿ ನನ್ನ ಹೆಸರ್ಲೆ ಸಹಿ, ಮಧ್ಯಾಹ್ನ ಆಕಿ ಹೆಸರ್ಲೆ. ಆಕಿ ಪಗಾರಾನೂ ನನ್ನ ಆಧಾರ್ ಮ್ಯಾಲೆ ನನ್ನ ಖಾತೆಕ್ಕ ಬರ್ತೈತಿ, ಅದ್ರಾಗ ಅರ್ಧ ಮೇಸ್ತ್ರಿಗೆ ಕೊಡ್ತೀನಿ. ಯಾಕ್ರೀ, ತಪ್ಪೈತೇನು?"

ತಪ್ಪು ಯಾರದೆಂದು ಸ್ಪೂರ್ತಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಎರಡು ವಾರ್ಡನ್ನೂ ಈ ಒಬ್ಬಳೇ ಗುಡಿಸುತ್ತಿದ್ದಾಳೆ. ತಿನ್ನುತ್ತಿರುವವನು ಮೇಸ್ತ್ರಿ, ಸಹಿ ಮಾತ್ರ ಇವಳದು. ನಂಬರ್ ಮುಚ್ಚಿದರೆ ಇವಳೂ ಉಳಿಯುತ್ತಾಳೆ, ಅವನೂ ಉಳಿಯುತ್ತಾನೆ.

ಮೇಲೆ ಬಂದು ಮ್ಯಾನೇಜರಿಗೆ ವಿಷಯ ತಿಳಿಸಿದಳು. ಅವರು ಕಡತದಿಂದ ತಲೆಯೆತ್ತಲಿಲ್ಲ. "ಅರ್ಜೀಲಿ ಅದನ್ನ ಕೇಳಿದಾರಾ? ಇಲ್ವಲ್ಲ. ಕೇಳಿದ್ದಷ್ಟು ಕೊಟ್ಟು ಸುಮ್ನಿರಮ್ಮ." ಅವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಅದೂ ತಿಳಿಯಲಿಲ್ಲ. ಅವಳು ಅರವತ್ನಾಲ್ಕು ಸಾಲಿನ ನಂಬರನ್ನೂ ಮುಚ್ಚಿದಳು.

ಗುರುವಾರ ಸಂಗಮೇಶ್ ಬಂದರು. ಹಾಳೆ ತಿರುವಿ, "ನಂಬರ್ ಮುಚ್ಚಿದ್ದು ಒಳ್ಳೇದೇ ಆಯ್ತು ಮೇಡಂ. ನನಗೂ ಅವು ಬೇಕಿರ್ಲಿಲ್ಲ," ಎಂದರು. ಆಮೇಲೆ ದನಿ ತಗ್ಗಿಸಿ, "ಅರವತ್ನಾಲ್ಕು ಹೆಸರಿಗೆ ಅರವತ್ನಾಲ್ಕು ಬೇರೆ ಬೇರೆ ನಂಬರ್ ಇದಾವಾ? ಅಷ್ಟೇ ಹೇಳಿ," ಎಂದರು.

ಹೌದೆಂದರೆ ಸುಳ್ಳು. ಇಲ್ಲವೆಂದರೆ ಸಿದ್ದಕ್ಕನ ಕೆಲಸ ಹೋಗುತ್ತದೆ.

"ಅದನ್ನ... ಬರವಣಿಗೇಲಿ ಕೇಳಿ ಸಾರ್. ಬೇರೆ ಬೇರೆ ನಂಬರ್ ಎಷ್ಟಿವೆ ಅನ್ನೋ ಲೆಕ್ಕ ಮಾತ್ರ ಕೇಳಿದ್ರೆ ಕೊಡ್ಬಹುದು."

ಅವರು ಅವಳ ಮುಖವನ್ನೊಮ್ಮೆ ನೋಡಿ, ಬೆಂಚಿನ ಮೇಲೆ ಕೂತು ಎರಡನೆಯ ಅರ್ಜಿ ಬರೆದುಕೊಟ್ಟರು. ಅವಳು ಅದನ್ನು ಸ್ವೀಕರಿಸಿ ಸೀಲು ಒತ್ತಿದಳು. ಇನ್ನು ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕು.

ನೇರ ಕೆಳಗಿಳಿದು ಸಿದ್ದಕ್ಕನಿಗೆ ಎಲ್ಲ ಹೇಳಿದಳು. "ಅವರು ಸಂಘದೋರು. ಮೇಸ್ತ್ರಿ ವಿಷ್ಯ ನೀವೇ ಹೋಗಿ ಅವರಿಗೆ ಹೇಳಿ. ಬೇರೆಯೋರು ಹೇಳೋಕಿಂತ ಮುಂಚೆ ಹೇಳಿ."

ಸಿದ್ದಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಸಿಟ್ಟಾದಳೋ ಹೆದರಿದಳೋ ಸ್ಪೂರ್ತಿಗೆ ಗೊತ್ತಾಗಲಿಲ್ಲ.

"ಹೇಳ್ತೀನ್ರಿ. ಆದ್ರ ಇವತ್ತ ಮಧ್ಯಾಹ್ನ ಆ ಓಣಿ ಕಸ ಹೊಡೀಲೋ ಬ್ಯಾಡೋ?"